ರಿಸೆಟ್ ಬಟನ್ ಒತ್ತುವ ಮೊದಲು

ಪ್ರಶ್ನೆ: ಸರ್, ನಾನು ಇ.ಇ.ಇ. ಮುಗಿಸಿ ಬಾಗಲಕೋಟೆ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಮೂರು ವರ್ಷದಿಂದ ಶಿಫ್ಟ್ ಎಂಜಿನಿಯರ್ ಆಗಿದ್ದೇನೆ. ಕಬ್ಬಿನ ಸಿಪ್ಪೆಯಿಂದ ಕರೆಂಟ್ ಮಾಡುವ ಕೋ-ಜನರೇಷನ್ ಘಟಕವೂ ಇದೆ. ಹಂಗಾಮು ಶುರುವಾದರೆ ರಜೆ ಅನ್ನೋದೇ ಇಲ್ಲ. ಮೋಟರ್ ಸುಟ್ಟರೆ ಬದಲಿಸು, ಟ್ರಿಪ್ ಆದರೆ ರಿಸೆಟ್ ಮಾಡು, ಇಷ್ಟೇ ಕೆಲಸ. ಜೊತೆಗೆ ಓದಿದವರೆಲ್ಲ ಬೆಂಗಳೂರಲ್ಲಿ ಸಾಫ್ಟ್‌ವೇರ್ ಸೇರಿದ್ದಾರೆ. ನನಗೆ ಪವರ್ ಸಿಸ್ಟಮ್ಸ್‌ನಲ್ಲೇ ಮುಂದುವರಿಯುವ ಆಸೆ. ಇಟ್ಯಾಪ್ (ಪವರ್ ಸಿಸ್ಟಮ್ ಲೆಕ್ಕದ ಸಾಫ್ಟ್‌ವೇರ್) ಕೋರ್ಸ್ ಮಾಡಲಾ, ಎಂ.ಟೆಕ್ ಮಾಡಲಾ, ಗಲ್ಫ್‌ಗೆ ಹೋಗಲಾ? ಹತ್ತು ವರ್ಷ ಬಿಟ್ಟು ಈ ಕೆಲಸಕ್ಕೆ ಬೆಲೆ ಇರುತ್ತಾ?

ಉತ್ತರ: ನಿಮ್ಮ ಪತ್ರದ ಒಂದು ಮಾತಿಗೆ ನನ್ನ ತಕರಾರಿದೆ. ‘ಟ್ರಿಪ್ ಆದರೆ ರಿಸೆಟ್ ಮಾಡು’ ಅಂತ ಬರೆದಿದ್ದೀರಿ. ರಿಸೆಟ್ ಒತ್ತುವ ಮೊದಲು ರಿಲೇಯಲ್ಲಿ (ದೋಷ ಕಂಡರೆ ಬ್ರೇಕರ್‌ಗೆ ತೆರೆದುಕೋ ಅನ್ನುವ ಸಾಧನ) ಯಾವ ಫ್ಲ್ಯಾಗ್, ಅಂದರೆ ಕಾರಣ ತೋರಿಸುವ ಗುರುತು, ಬಿದ್ದಿತ್ತು, ಯಾವ ಫೇಸ್, ಎಷ್ಟು ಆಂಪಿಯರ್, ಇದನ್ನೆಲ್ಲ ಬರೆದುಕೊಳ್ಳುತ್ತೀರಾ? ಹೌದು ಅಂತಾದರೆ ಈ ಉತ್ತರದ ಅರ್ಧ ನಿಮಗೆ ಬೇಕಿಲ್ಲ. ಇಲ್ಲ ಅಂತಾದರೆ ಪೂರ್ತಿ ಓದಿ. ಕೋರ್ಸು, ಎಂ.ಟೆಕ್, ಗಲ್ಫ್ ಎಲ್ಲಕ್ಕೂ ಬರುತ್ತೇನೆ. ಅದಕ್ಕೂ ಮೊದಲು ನಿಮ್ಮದೇ ತರಹದ ಒಂದು ಕಾರ್ಖಾನೆಯ ಕತೆ ಕೇಳಿ.

ಕಾರ್ಖಾನೆಯ ಹೆಸರು ಬೇಡ. ಜನವರಿ ತಿಂಗಳು, ಹಂಗಾಮು ಜೋರಾಗಿ ನಡೆದಿತ್ತು. ಒಂದೇ ತಿಂಗಳಲ್ಲಿ ಮೂರು ಸಲ ಇಡೀ ಕಾರ್ಖಾನೆ ಕತ್ತಲಾಗಿತ್ತು. ಮೂರು ಸಲವೂ ಹೊರಗಿನ 110 ಕೆ.ವಿ. ಲೈನಿನಲ್ಲಿ ಎಲ್ಲೋ ಫಾಲ್ಟ್. ಅಂಥ ಹೊತ್ತಿನಲ್ಲಿ ಆಗಬೇಕಾದದ್ದೇನು? ಲೈನಿನ ಬ್ರೇಕರ್ ತೆರೆದುಕೊಂಡು ಕಾರ್ಖಾನೆ ಗ್ರಿಡ್‌ನಿಂದ ಬೇರೆಯಾಗಬೇಕು. ಒಳಗಿನ ಟರ್ಬೈನ್ ಜನರೇಟರ್, ಅಂದರೆ ನೀವೆಲ್ಲ ಟಿ.ಜಿ. ಅನ್ನುವುದು, ಒಳಗಿನ ಲೋಡನ್ನು ಹೊತ್ತುಕೊಂಡು ಓಡುತ್ತಲೇ ಇರಬೇಕು. ಇದಕ್ಕೇ ಐಲ್ಯಾಂಡಿಂಗ್ ಅನ್ನುವುದು. ಅಲ್ಲಿ ಮಾತ್ರ ಟಿ.ಜಿ.ಯೂ ನಿಂತುಬಿಡುತ್ತಿತ್ತು. ಯಾರ್ಡ್‌ನಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರ್‌ಗಳ ಸಾಲು ರಸ್ತೆವರೆಗೆ. ಕಡಿದ ಕಬ್ಬು ನಿಂತಷ್ಟೂ ಒಣಗುತ್ತದೆ, ತೂಕ ಇಳಿಯುತ್ತದೆ, ರಿಕವರಿ, ಅಂದರೆ ಸಿಗುವ ಸಕ್ಕರೆಯ ಪ್ರಮಾಣ, ಇಳಿಯುತ್ತದೆ. ರೈತರು ಗೇಟ್ ಹತ್ತಿರ ಕೂಗಾಡುತ್ತಿದ್ದರು. ಒಳಗೆ ಎಲ್ಲರ ಬಾಯಲ್ಲೂ ಒಂದೇ ಮಾತು: ‘ಎಲ್ಲಾ ಕೆ.ಇ.ಬಿ.ಯವರದ್ದೇ ತಪ್ಪು.’ (ಕೆ.ಇ.ಬಿ. ಹೋಗಿ 1999ರಲ್ಲೇ ಕೆ.ಪಿ.ಟಿ.ಸಿ.ಎಲ್. ಬಂತು. ಆಮೇಲೆ ಹೆಸ್ಕಾಂ, ಬೆಸ್ಕಾಂ ಎಲ್ಲ ಬಂದವು. ಬೈಯುವಾಗ ಮಾತ್ರ ಇವತ್ತಿಗೂ ಕೆ.ಇ.ಬಿ.ಯೇ.)

ನಾನು ಹೋದ ತಕ್ಷಣ ಕೇಳಿದ್ದು, ಯಾವ ಯಾವ ರಿಲೇ ಆಪರೇಟ್ ಆಗಿತ್ತು ಅಂತ. ಪಾಳಿಯಲ್ಲಿದ್ದ ಹುಡುಗ ತಲೆ ಕೆರೆದುಕೊಂಡ. ‘ಬೇಗ ಲೈನ್ ತಗೊಳ್ಳಿ ಅಂತ ಒತ್ತಡ ಇತ್ತು ಸರ್. ಎಲ್ಲಾ ರಿಸೆಟ್ ಮಾಡಿಬಿಟ್ಟೆ.’ ಲಾಗ್‌ಬುಕ್‌ನಲ್ಲಿ ಒಂದೇ ಸಾಲು: ‘2.40ಕ್ಕೆ ಗ್ರಿಡ್ ಫೇಲ್, 5.15ಕ್ಕೆ ನಾರ್ಮಲ್.’ ಮೂರು ಕತ್ತಲೆಗೂ ಅದೇ ತರಹದ ಒಂದೊಂದು ಸಾಲು.

ಪುಣ್ಯಕ್ಕೆ ಮುಖ್ಯ ರಿಲೇಗಳೆಲ್ಲ ನ್ಯೂಮರಿಕಲ್, ಅಂದರೆ ಒಳಗೆ ಕಂಪ್ಯೂಟರ್ ಚಿಪ್ ಇರುವಂಥವು. ಫ್ಲ್ಯಾಗ್ ಅಳಿಸಿದರೂ ಒಳಗಿನ ಇವೆಂಟ್ ರೆಕಾರ್ಡ್ ಉಳಿದಿರುತ್ತದೆ. ಲ್ಯಾಪ್‌ಟಾಪ್ ಹಚ್ಚಿ ಇಳಿಸಿಕೊಂಡೆ. ಆಗ ಹೊಸ ತಲೆನೋವು. ಮೂರು ರಿಲೇಗಳಲ್ಲಿ ಮೂರು ಸಮಯ. ಲೈನಿನ ರಿಲೇ ಏಳು ನಿಮಿಷ ಮುಂದೆ. ಜನರೇಟರ್ ರಿಲೇ ಸರಿಯಾಗಿತ್ತು. ಫೀಡರ್ ರಿಲೇ ಇನ್ನೂ ಫ್ಯಾಕ್ಟರಿಯಿಂದ ಬಂದ ದಿನಾಂಕದಲ್ಲೇ ಕೂತಿತ್ತು. ವೋಲ್ಟೇಜ್ ಕುಸಿದ ಗಳಿಗೆ ಮೂರರಲ್ಲೂ ದಾಖಲಾಗಿತ್ತಲ್ಲ, ಅದನ್ನೇ ಸೊನ್ನೆ ಅಂತ ಇಟ್ಟುಕೊಂಡು ಒಂದು ನೋಟ್‌ಬುಕ್‌ನಲ್ಲಿ ಮಿಲಿಸೆಕೆಂಡ್ ಲೆಕ್ಕದಲ್ಲಿ ಸಾಲಾಗಿ ಬರೆಯುತ್ತಾ ಹೋದೆ. ಎರಡು ದಿನ ಹಿಡಿಯಿತು.

ಕೊನೆಗೆ ಸಿಕ್ಕಿದ ಕತೆ ಇದು. ಫಾಲ್ಟ್ ಆದ ಕೂಡಲೇ ಕಾರ್ಖಾನೆ ಒಳಗಿನ ವೋಲ್ಟೇಜ್ ಸುಮಾರು 40 ಪರ್ಸೆಂಟ್‌ಗೆ ಇಳಿದಿದೆ. ಅಲ್ಲಿಂದ 350 ಮಿಲಿಸೆಕೆಂಡ್‌ಗೆ ಲೈನಿನ ಬ್ರೇಕರ್ ತೆರೆದಿದೆ. ವೋಲ್ಟೇಜ್ ಮತ್ತೆ ಮೇಲೆ ಬಂದಿದೆ. ಟಿ.ಜಿ. ಆರಾಮಾಗಿ ಓಡುತ್ತಿದೆ. ಅಂದರೆ ಐಲ್ಯಾಂಡಿಂಗ್ ಮೂರು ಸಲವೂ ಸರಿಯಾಗೇ ಆಗಿತ್ತು! ಎಲ್ಲರೂ ಬೈಯುತ್ತಿದ್ದ ವ್ಯವಸ್ಥೆ ತನ್ನ ಕೆಲಸ ಮಾಡಿತ್ತು. ಎಡವಟ್ಟಾದದ್ದು ಸೆಕೆಂಡಿನ ಆ ಮೂರನೇ ಒಂದು ಭಾಗದಲ್ಲಿ. ವೋಲ್ಟೇಜ್ ಅರ್ಧಕ್ಕಿಂತ ಕೆಳಗೆ ಹೋದಾಗ ಎಂ.ಸಿ.ಸಿ.ಯಲ್ಲಿದ್ದ (ಮೋಟರ್‌ಗಳನ್ನು ನಿಯಂತ್ರಿಸುವ ಪ್ಯಾನಲ್) ಕಾಂಟ್ಯಾಕ್ಟರ್‌ಗಳು, ಅಂದರೆ ಕಾಯಿಲ್‌ನ ಬಲದಿಂದ ಮೋಟರ್‌ಗೆ ಕರೆಂಟ್ ಕೊಡುವ ಸ್ವಿಚ್‌ಗಳು, ಕೈಬಿಟ್ಟಿದ್ದವು. ಅವುಗಳ ಕಾಯಿಲ್‌ಗೆ ಸಪ್ಲೈ ಅದೇ ಬಸ್‌ನಿಂದ (ಎಲ್ಲ ಫೀಡರ್‌ಗಳಿಗೂ ಕರೆಂಟ್ ಹಂಚುವ ಲೋಹದ ಪಟ್ಟಿ). ಬಾಯ್ಲರ್ ಫೀಡ್ ಪಂಪಿನ ಲ್ಯೂಬ್ ಆಯಿಲ್ ಪಂಪ್ ನಿಂತಿತು. ಅದು ನಿಂತದ್ದಕ್ಕೆ ಫೀಡ್ ಪಂಪ್ ನಿಂತಿತು. ಗಡಿಬಿಡಿಯಲ್ಲಿ ಅದನ್ನು ಯಾರೂ ಗಮನಿಸಲಿಲ್ಲ. ಬಾಯ್ಲರ್ ಡ್ರಮ್‌ನ ನೀರಿನ ಮಟ್ಟ ಇಳಿಯಿತು, ಬಾಯ್ಲರ್ ಟ್ರಿಪ್ ಆಯಿತು, ಸ್ಟೀಮ್ ಪ್ರೆಶರ್ ಬಿತ್ತು, ಟಿ.ಜಿ. ನಿಂತಿತು. ಕತ್ತಲೆ.

ಪರಿಹಾರ ಏನು ಗೊತ್ತಾ? ಎಂಟೇ ಎಂಟು ಫೀಡರ್‌ಗಳ ಕಂಟ್ರೋಲ್ ಸಪ್ಲೈಯನ್ನು ಯುಪಿಎಸ್‌ಗೆ ಬದಲಿಸಿದೆವು. ಎಲ್ಲ ಮೋಟರ್‌ಗೂ ಹಾಗೆ ಮಾಡಬಾರದು. ವೋಲ್ಟೇಜ್ ವಾಪಸ್ ಬರುವಾಗ ಎಲ್ಲವೂ ಒಟ್ಟಿಗೆ ಕರೆಂಟ್ ಎಳೆದರೆ ಮತ್ತೆ ಕುಸಿಯುತ್ತದೆ. ಅದಕ್ಕೇ ಎಂಟಕ್ಕೆ ಮಾತ್ರ. ಅದಕ್ಕೆ ಆದ ಖರ್ಚು ಒಂದು ದೊಡ್ಡ ಮೋಟರ್ ರೀವೈಂಡಿಂಗ್ ಮಾಡಿಸಿದಷ್ಟೂ ಅಲ್ಲ. ಮುಂದಿನ ಸಲ ಲೈನ್ ಹೋದಾಗ ಲೈಟ್ ಒಂದು ಸಲ ಮಿಣುಕಿತು ಅಷ್ಟೇ ಅಂತ ಫೋನ್ ಬಂತು.

ಈ ಕತೆ ಯಾಕೆ ಹೇಳಿದೆ ಅಂದರೆ, ಅಲ್ಲಿ ನಾನು ಮಾಡಿದ್ದರಲ್ಲಿ ನಿಮಗೆ ಬಾರದ್ದು ಏನೂ ಇಲ್ಲ. ಇಟ್ಯಾಪ್ ತೆರೆಯಲಿಲ್ಲ. ಎಂ.ಟೆಕ್ ಗಣಿತ ಬೇಕಾಗಲಿಲ್ಲ. ಯಾವುದು ಯಾವಾಗ ಬಿತ್ತು ಅಂತ ಕೇಳಿದೆ, ಉತ್ತರ ಸಿಗುವವರೆಗೆ ಕೂತೆ. ಕೈಗಾರಿಕೆಯ ಪವರ್ ಸಿಸ್ಟಮ್ಸ್‌ನಲ್ಲಿ ಹೆಸರು ಮಾಡಿದವರೆಲ್ಲ, ನಾನು ಕಂಡ ಮಟ್ಟಿಗೆ, ಈ ಒಂದು ಚಟ ಇದ್ದವರು.

ಈಗ ನಿಮ್ಮ ಕಾರ್ಖಾನೆಗೆ ಬರೋಣ. ಅಲ್ಲಿ ಕಲಿಯೋಕೇನೂ ಇಲ್ಲ ಅಂತ ನಿಮಗೆ ಅನಿಸಿದೆ. ನನಗೆ ಹೊಟ್ಟೆಕಿಚ್ಚಾಗುತ್ತಿದೆ! ನಾನು ಕೆಲಸ ಶುರು ಮಾಡಿದ್ದು ಕಲಬುರಗಿ ಕಡೆಯ ಒಂದು ಸಿಮೆಂಟ್ ಕಾರ್ಖಾನೆಯಲ್ಲಿ. ಅಲ್ಲಿ ಕರೆಂಟ್ ಹೊರಗಿನಿಂದ ಬರುತ್ತಿತ್ತು, ನಾವು ಬಳಸುತ್ತಿದ್ದೆವು, ಅಷ್ಟೇ. ನಿಮ್ಮಲ್ಲಿ ಕಬ್ಬಿನ ಸಿಪ್ಪೆ ಉರಿಸಿ ನೀವೇ ಕರೆಂಟ್ ಮಾಡುತ್ತೀರಿ. ಅದನ್ನು 11 ಕೆ.ವಿ.ಯಿಂದ 110ಕ್ಕೆ ಏರಿಸಿ ಮಾರುತ್ತೀರಿ. ಒಳಗೆ ಕಬ್ಬು ಸೀಳುವ ಫೈಬ್ರೈಜರ್‌ನಂಥ ದೊಡ್ಡ ಎಚ್.ಟಿ. (ಹೈ ಟೆನ್ಷನ್) ಮೋಟರ್‌ಗಳಿವೆ, ಮಿಲ್ ಡ್ರೈವ್‌ಗಳಿವೆ, ಸೆಂಟ್ರಿಫ್ಯೂಗಲ್‌ಗಳಿವೆ. ಹಂಗಾಮು ಮುಗಿದ ಮೇಲೆ ಹೆಸ್ಕಾಂನಿಂದ ಕರೆಂಟ್ ಕೊಳ್ಳುವ ಗಿರಾಕಿಯೂ ನೀವೇ. ಜನರೇಷನ್, ಟ್ರಾನ್ಸ್‌ಮಿಷನ್, ಡಿಸ್ಟ್ರಿಬ್ಯೂಷನ್, ಲೋಡ್, ಬಿಲ್ ಎಲ್ಲವೂ ಒಂದೇ ಕಾಂಪೌಂಡಿನಲ್ಲಿ. ಇಂಥ ಪ್ರಯೋಗಶಾಲೆ ಯಾವ ಕಾಲೇಜಲ್ಲೂ ಇಲ್ಲ.

ಟಿ.ಜಿ.ಯನ್ನು ಗ್ರಿಡ್‌ಗೆ ಜೋಡಿಸುವಾಗ ಎರಡರ ಹೆಜ್ಜೆ ಹೊಂದಿದೆಯಾ ಅಂತ ತೋರಿಸುವ ಸಿಂಕ್ರೊಸ್ಕೋಪ್ ನೋಡಿರುತ್ತೀರಿ. ಮುಳ್ಳು ನಿಧಾನಕ್ಕೆ ಬಲಕ್ಕೆ ಸುತ್ತುತ್ತಾ ಹನ್ನೆರಡರ ಹತ್ತಿರ ಬಂದಾಗ ಬ್ರೇಕರ್ ಹಾಕುತ್ತಾರೆ. ಆ ಗಳಿಗೆಯಿಂದ ನಿಮ್ಮ 1500 ಆರ್‌ಪಿಎಂ ಜನರೇಟರ್ ಇಡೀ ದೇಶದ ಜನರೇಟರ್‌ಗಳ ಜೊತೆ ಹೆಜ್ಜೆ ಹಾಕುತ್ತದೆ. ಇದು ಸುಮ್ನೆ ಅಲಂಕಾರಕ್ಕೆ ಹೇಳಿದ ಮಾತಲ್ಲ. 2013ರ ಡಿಸೆಂಬರ್ 31ರಂದು ನಮ್ಮ ರಾಯಚೂರಿನಿಂದ ಸೊಲ್ಲಾಪುರಕ್ಕೆ ಹೋಗುವ 765 ಕೆ.ವಿ. ಲೈನ್ ಮೂಲಕ ದಕ್ಷಿಣದ ಗ್ರಿಡ್ ದೇಶದ ಉಳಿದ ಗ್ರಿಡ್ ಜೊತೆ ಒಂದಾಯಿತು. ಅದಕ್ಕೂ ಮೊದಲು ನಮ್ಮದು ಬೇರೆ ಫ್ರೀಕ್ವೆನ್ಸಿ, ಅವರದು ಬೇರೆ. ನಡುವೆ ಡಿ.ಸಿ. ಕೊಂಡಿ ಮಾತ್ರ ಇತ್ತು. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತ ಕತ್ತಲಾದಾಗ ನಮಗೆ ಬಿಸಿ ತಟ್ಟದೇ ಇದ್ದದ್ದು ಅದಕ್ಕೇ. ಈಗ ನಿಮ್ಮ ಪ್ಯಾನಲ್‌ನ ಫ್ರೀಕ್ವೆನ್ಸಿ ಮೀಟರ್ 49.9 ತೋರಿಸಿದರೆ, ಅದೇ ಹೊತ್ತಿಗೆ ದೆಹಲಿಯಲ್ಲೂ ಸುಮಾರು ಅಷ್ಟೇ ಇರುತ್ತದೆ. ರಾತ್ರಿ ಪಾಳಿಯಲ್ಲಿ ನಿದ್ದೆ ಬಂದಾಗ ಆ ಮೀಟರ್ ನೋಡುತ್ತಾ ಕೂತುಕೊಳ್ಳಿ. ದೇಶ ಎಷ್ಟೊತ್ತಿಗೆ ಮಲಗುತ್ತದೆ, ಎಷ್ಟೊತ್ತಿಗೆ ಏಳುತ್ತದೆ ಅಂತ ಒಂದಿಷ್ಟು ಸುಳಿವು ಸಿಗುತ್ತದೆ.

ಇಟ್ಯಾಪ್ ಕೋರ್ಸಿನ ವಿಷಯ. ಮಾಡಿ, ಬೇಡ ಅನ್ನಲ್ಲ. ಆದರೆ ಈಗಲೇ ಬೇಡ. ಇಟ್ಯಾಪ್ ಆಗಲಿ, ಬೆಂಗಳೂರಿನಲ್ಲೇ ತಯಾರಾದ ಮೈಪವರ್ ಆಗಲಿ, ಅದು ಬಹಳ ದೊಡ್ಡ ಕ್ಯಾಲ್ಕುಲೇಟರ್. ತಪ್ಪು ಅಂಕಿ ಹಾಕಿದರೆ ತಪ್ಪು ಉತ್ತರವನ್ನು ಚಂದದ ಬಣ್ಣದಲ್ಲಿ ಪ್ರಿಂಟ್ ಮಾಡಿ ಕೊಡುತ್ತದೆ. ಉತ್ತರ ನೋಡಿದ ತಕ್ಷಣ ‘ಇದು ಸರಿ ಇರಲಿಕ್ಕಿಲ್ಲ’ ಅಂತ ಹೊಟ್ಟೆಯೊಳಗೆ ಅನಿಸಬೇಕು. ಅದು ಕೈಲೆಕ್ಕದಿಂದ ಮಾತ್ರ ಬರುತ್ತದೆ.

ಒಂದು ಲೆಕ್ಕ ಇಲ್ಲೇ ಮಾಡೋಣ. ನಿಮ್ಮಲ್ಲಿರುವ ಸಾಮಾನ್ಯ ಟ್ರಾನ್ಸ್‌ಫಾರ್ಮರ್ ತೆಗೆದುಕೊಳ್ಳಿ. 1000 ಕೆ.ವಿ.ಎ., 11 ಕೆ.ವಿ.ಯಿಂದ 433 ವೋಲ್ಟ್. ನೇಮ್‌ಪ್ಲೇಟ್ ಮೇಲೆ ಇಂಪೀಡೆನ್ಸ್ (ಕರೆಂಟ್‌ಗೆ ಒಡ್ಡುವ ತಡೆ) 5 ಪರ್ಸೆಂಟ್ ಅಂತ ಇದೆ ಅಂದುಕೊಳ್ಳಿ. ಸಾವಿರವನ್ನು 1.732ರಿಂದ, ಮತ್ತೆ 0.433ರಿಂದ ಭಾಗಿಸಿ. ಫುಲ್ ಲೋಡ್ ಕರೆಂಟ್ 1333 ಆಂಪಿಯರ್. ಅದನ್ನು 0.05ರಿಂದ ಭಾಗಿಸಿ. 433 ವೋಲ್ಟ್ ಕಡೆಯ ಎಲ್.ಟಿ. ಬಸ್‌ನಲ್ಲಿ ಶಾರ್ಟ್ ಆದರೆ ಹರಿಯುವ ಕರೆಂಟ್ ಸುಮಾರು 26,700 ಆಂಪಿಯರ್. ಹಿಂದಿನ ಗ್ರಿಡ್‌ನ ಇಂಪೀಡೆನ್ಸ್ ಸೇರಿಸಿದರೆ ಸ್ವಲ್ಪ ಕಡಿಮೆಯಾಗುತ್ತದೆ, ಮೋಟರ್‌ಗಳು ವಾಪಸ್ ಕೊಡುವ ಕರೆಂಟ್ ಸೇರಿಸಿದರೆ ಸ್ವಲ್ಪ ಜಾಸ್ತಿ. ಇರಲಿ. ಬ್ರೇಕರ್ ಮೇಲೆ 50 ಕೆ.ಎ. ಅಂತ ಇದೆ. ನೆಮ್ಮದಿ.

ಈಗ ಹಂಗಾಮಿನ ನಡುವೆ ಯಾರೋ ಪುಣ್ಯಾತ್ಮರು ಇಂಟರ್‌ಲಾಕ್ ಕೀ ಬೈಪಾಸ್ ಮಾಡಿ, ಎರಡು ಟ್ರಾನ್ಸ್‌ಫಾರ್ಮರ್ ಚಾಲೂ ಇರುವಾಗಲೇ ಅವುಗಳ ಬಸ್ ಎರಡನ್ನೂ ಜೋಡಿಸುವ ಬಸ್ ಕಪ್ಲರ್ ಹಾಕುತ್ತಾರೆ. ‘ಐದು ನಿಮಿಷ ಅಷ್ಟೇ, ಲೋಡ್ ಶಿಫ್ಟ್ ಮಾಡ್ತೀವಿ’ ಅಂತ. ಆ ಐದು ನಿಮಿಷ ಫಾಲ್ಟ್ ಲೆವೆಲ್, ಅಂದರೆ ಶಾರ್ಟ್ ಆದರೆ ಹರಿಯುವ ಕರೆಂಟ್, 53,000 ಆಂಪಿಯರ್. ಬ್ರೇಕರ್‌ನ ಶಕ್ತಿ 50,000. ಆಗ ಶಾರ್ಟ್ ಆದರೆ ಬ್ರೇಕರ್ ಕರೆಂಟ್ ಕತ್ತರಿಸಲಾಗದೆ ತಾನೇ ಸಿಡಿಯಬಹುದು. ಆ ಇಂಟರ್‌ಲಾಕ್ ಯಾಕಿದೆ ಅಂತ ಕೇಳಿದರೆ ಹತ್ತರಲ್ಲಿ ಎಂಟು ಜನ ‘ಸೇಫ್ಟಿಗೆ’ ಅನ್ನುತ್ತಾರೆ. ಎಷ್ಟು ಆಂಪಿಯರ್‌ಗೆ ಅಂತ ಹೇಳುವವರು ಕಡಿಮೆ. ಹೇಳುವ ಆ ಒಬ್ಬರು ನೀವಾಗಿ.

ಇದೇ ಟ್ರಾನ್ಸ್‌ಫಾರ್ಮರ್ ಇನ್ನೊಂದು ಪಾಠವನ್ನೂ ಹೇಳಿಕೊಡುತ್ತದೆ. ಪೀಣ್ಯದ ಒಂದು ಚಿಕ್ಕ ಕಾರ್ಖಾನೆ. 800 ಕಿಲೋವ್ಯಾಟ್ ಲೋಡ್, ಪವರ್ ಫ್ಯಾಕ್ಟರ್ (ಎಳೆದದ್ದರಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) 0.8. ಅಂದರೆ ಸರಿಯಾಗಿ 1000 ಕೆ.ವಿ.ಎ.; ಟ್ರಾನ್ಸ್‌ಫಾರ್ಮರ್ ಭರ್ತಿ. ಬಿಲ್‌ನಲ್ಲಿ ದಂಡ ಬೇರೆ. ಅವರು 25ರಂತೆ ಹದಿನಾರು ಸ್ಟೆಪ್, ಒಟ್ಟು 400 ಕೆ.ವಿ.ಎ.ಆರ್. ಕೆಪಾಸಿಟರ್ ಹಾಕಿಸಿದರು. ಪವರ್ ಫ್ಯಾಕ್ಟರ್ 0.97ಕ್ಕೆ ಏರಿತು. ಲೋಡ್ 825 ಕೆ.ವಿ.ಎ.ಗೆ ಇಳಿಯಿತು. ಎಲ್ಲರೂ ಖುಷಿ. ಮೂರು ತಿಂಗಳಾದ ಮೇಲೆ ಕೆಪಾಸಿಟರ್‌ಗಳು ಉಬ್ಬತೊಡಗಿದವು. ಬದಲಿಸಿದರು. ಮತ್ತೆ ಉಬ್ಬಿದವು. ‘ಕಂಪನಿ ಮಾಲು ಕಳಪೆ’ ಅಂತ ಬೇರೆ ಬ್ರ್ಯಾಂಡ್ ಹಾಕಿದರು. ಅದೂ ಉಬ್ಬಿತು.

ಮಾಲಿನದೇನೂ ತಪ್ಪಿರಲಿಲ್ಲ. ಅಲ್ಲಿದ್ದ ಲೋಡ್‌ನಲ್ಲಿ ಮುಕ್ಕಾಲು ಪಾಲು ವಿ.ಎಫ್.ಡಿ.ಗಳು, ಅಂದರೆ ಮೋಟರ್ ವೇಗ ಬದಲಿಸುವ ಎಲೆಕ್ಟ್ರಾನಿಕ್ ಡ್ರೈವ್‌ಗಳು. ಅವು 50 ಹರ್ಟ್ಸ್ ಕರೆಂಟ್ ಮಾತ್ರ ಎಳೆಯುವುದಿಲ್ಲ. ಐದು ಪಟ್ಟು, ಏಳು ಪಟ್ಟು ಫ್ರೀಕ್ವೆನ್ಸಿಯ ಕರೆಂಟನ್ನೂ ಹೊರಗೆ ಬಿಡುತ್ತವೆ. ಇವೇ ಹಾರ್ಮೋನಿಕ್‌ಗಳು. ಟ್ರಾನ್ಸ್‌ಫಾರ್ಮರ್‌ನ ಫಾಲ್ಟ್ ಲೆವೆಲ್ (1000 ಕೆ.ವಿ.ಎ.ಯನ್ನು 0.05ರಿಂದ ಭಾಗಿಸಿದರೆ) 20 ಎಂ.ವಿ.ಎ. ಅದನ್ನು ಕೆಪಾಸಿಟರ್‌ನ 0.4ರಿಂದ ಭಾಗಿಸಿದರೆ 50. ಅದರ ವರ್ಗಮೂಲ 7.07. ಟ್ರಾನ್ಸ್‌ಫಾರ್ಮರ್ ಮತ್ತು ಕೆಪಾಸಿಟರ್ ಸೇರಿ ಹೆಚ್ಚುಕಡಿಮೆ ಸರಿಯಾಗಿ ಏಳನೇ ಹಾರ್ಮೋನಿಕ್‌ಗೆ ರೆಸೊನೆನ್ಸ್ ಕೊಡುತ್ತಿದ್ದವು. ಉಯ್ಯಾಲೆಯಲ್ಲಿ ಕೂತ ಮಗುವನ್ನು ಸರಿಯಾದ ಹೊತ್ತಿಗೆ ತಳ್ಳಿದ ಹಾಗೆ. ಹದಿನಾರೂ ಸ್ಟೆಪ್ ಒಳಗೆ ಬಂದಾಗಲೆಲ್ಲ ಕೆಪಾಸಿಟರ್ ಬಿಸಿಯಾಗುತ್ತಿತ್ತು. 7 ಪರ್ಸೆಂಟ್ ರಿಯಾಕ್ಟರ್ ಜೋಡಿಸಿ, ಹೆಚ್ಚು ವೋಲ್ಟೇಜ್ ತಡೆಯುವ 525 ವೋಲ್ಟ್‌ನ ಕೆಪಾಸಿಟರ್ ಹಾಕಿದ ಮೇಲೆ ಕಾಟ ನಿಂತಿತು. ರಿಯಾಕ್ಟರ್ ಸೇರಿದಾಗ ರೆಸೊನೆನ್ಸ್ 189 ಹರ್ಟ್ಸ್‌ಗೆ ಇಳಿಯುತ್ತದೆ. ಅಂದರೆ ಐದನೇ ಹಾರ್ಮೋನಿಕ್‌ನ 250ಕ್ಕಿಂತ ಕೆಳಗೆ. ಅಲ್ಲಿ ತಳ್ಳುವವರು ಯಾರೂ ಇಲ್ಲ.

ಒಂದು ನೇಮ್‌ಪ್ಲೇಟ್, ಒಂದು ಕ್ಯಾಲ್ಕುಲೇಟರ್, ಅರ್ಧ ಹಾಳೆ. ಇಷ್ಟನ್ನು ನಿಮ್ಮ ಕಾರ್ಖಾನೆಯ ಪ್ರತಿ ಟ್ರಾನ್ಸ್‌ಫಾರ್ಮರ್‌ಗೂ ಮಾಡಿ. ಆಮೇಲೆ ಇಟ್ಯಾಪ್ ಕಲಿಯಲು ಹದಿನೈದು ದಿನ ಸಾಕು.

ಸಾಫ್ಟ್‌ವೇರ್‌ಗಿಂತ ಮೊದಲು ಹಿಡಿಯಬೇಕಾದದ್ದು ರಿಲೇ. ಇನ್ನೊಂದೆರಡು ಹಂಗಾಮು ಅಲ್ಲೇ ಇದ್ದು, ಆಮೇಲೆ ಟೆಸ್ಟಿಂಗ್ ಮತ್ತು ಕಮಿಷನಿಂಗ್ ಮಾಡುವ ಯಾವುದಾದರೂ ಕಂಪನಿಗೆ ಹೋಗಿ. ಇದು ನನ್ನ ಖಚಿತ ಸಲಹೆ. ಸೂಟ್‌ಕೇಸ್ ಬದುಕು, ಊರೂರು ಸುತ್ತಾಟ, ಊಟ ತಿಂಡಿಗೆ ಹೊತ್ತಿಲ್ಲ. ನಾನು ಐದು ವರ್ಷ ಮಾಡಿದೆ. ಆ ಐದು ವರ್ಷದ ಕೂಳನ್ನೇ ಇವತ್ತಿಗೂ ತಿನ್ನುತ್ತಿದ್ದೇನೆ. ಮೇಂಟೆನೆನ್ಸ್‌ನಲ್ಲಿ ಒಂದು ಕಾರ್ಖಾನೆಯನ್ನು ಹತ್ತು ವರ್ಷ ನೋಡುತ್ತೀರಿ. ಕಮಿಷನಿಂಗ್‌ನಲ್ಲಿ ವರ್ಷಕ್ಕೆ ಐದಾರು ಸಬ್‌ಸ್ಟೇಷನ್‌ಗೆ ಮೊದಲ ಸಲ ಜೀವ ಬರುವುದನ್ನು ನೋಡುತ್ತೀರಿ. ಕರೆಂಟ್ ಅಳೆದು ರಿಲೇಗೆ ತಿಳಿಸುವ ಸಿ.ಟಿ.ಯ ಪೋಲಾರಿಟಿ ಉಲ್ಟಾ ಇದ್ದರೆ, ಒಳಹೋದ ಮತ್ತು ಹೊರಬಂದ ಕರೆಂಟ್ ಹೋಲಿಸುವ ಡಿಫರೆನ್ಷಿಯಲ್ ರಿಲೇ ಹೇಗೆ ಮೋಸ ಹೋಗುತ್ತದೆ ಅನ್ನುವುದನ್ನು ಪುಸ್ತಕದಲ್ಲಿ ಓದಿದರೆ ಮರೆತುಹೋಗುತ್ತದೆ. ಬೆಳಗಿನ ಜಾವ ಮೂರಕ್ಕೆ, ಗಿರಾಕಿ ಪಕ್ಕದಲ್ಲಿ ನಿಂತಿರುವಾಗ ಕಂಡುಹಿಡಿದರೆ ಸಾಯುವವರೆಗೂ ಮರೆಯುವುದಿಲ್ಲ.

ಅಲ್ಲಿವರೆಗೆ ನಿಮ್ಮಲ್ಲಿರುವ ರಿಲೇ ಸೆಟ್ಟಿಂಗ್‌ಗಳನ್ನೇ ಓದಿ. ಓವರ್‌ಕರೆಂಟ್ ರಿಲೇಯ ನಾರ್ಮಲ್ ಇನ್ವರ್ಸ್ ಕರ್ವ್‌ನಲ್ಲಿ (ಕರೆಂಟ್ ಹೆಚ್ಚಿದಷ್ಟೂ ಬೇಗ ಟ್ರಿಪ್), ಸೆಟ್ಟಿಂಗ್‌ನ ಹತ್ತು ಪಟ್ಟು ಕರೆಂಟ್ ಬಂದರೆ, ಹೊತ್ತನ್ನು ಹೆಚ್ಚು ಕಡಿಮೆ ಮಾಡುವ ಟೈಮ್ ಮಲ್ಟಿಪ್ಲೈಯರ್ 1 ಇದ್ದಾಗ ಸುಮಾರು 3 ಸೆಕೆಂಡ್. 0.1 ಇಟ್ಟರೆ 0.3 ಸೆಕೆಂಡ್. ಕೆಳಗಿನ ಬ್ರೇಕರ್ 0.3ಕ್ಕೆ ಬಿದ್ದರೆ ಅದರ ಮೇಲಿನದು 0.6ಕ್ಕೆ, ಅದರ ಮೇಲಿನದು 0.9ಕ್ಕೆ. ಇದೇ ಗ್ರೇಡಿಂಗ್. ಇದರಲ್ಲೊಂದು ಕೆಟ್ಟ ವಿಪರ್ಯಾಸವಿದೆ. ಮೂಲಕ್ಕೆ ಹತ್ತಿರ ಹೋದಷ್ಟೂ ಫಾಲ್ಟ್ ಕರೆಂಟ್ ಜಾಸ್ತಿ, ರಿಲೇ ಮಾತ್ರ ನಿಧಾನ. ಮುಖ್ಯ ಪ್ಯಾನಲ್ ಮುಂದೆ ನಿಂತವನಿಗೆ ಅಪಾಯ ಹೆಚ್ಚು ಯಾಕೆ ಅನ್ನುವುದಕ್ಕೆ ಉತ್ತರ ಇದೇ. ಡಿಫರೆನ್ಷಿಯಲ್ ರಿಲೇ, ಶಾರ್ಟ್ ಆದಾಗ ಚಿಮ್ಮುವ ಕಿಡಿಯ (ಆರ್ಕ್) ಬೆಳಕು ಕಂಡ ಕೂಡಲೇ ಟ್ರಿಪ್ ಮಾಡುವ ಆರ್ಕ್ ರಿಲೇ ಇವೆಲ್ಲ ಬಂದದ್ದು ಈ ತೊಡಕನ್ನು ಬಿಡಿಸುವುದಕ್ಕೆ.

ಹಂಗಾಮಿನಲ್ಲಿ ಪ್ರೊಡಕ್ಷನ್‌ನವರು ಬಂದು ‘ಪದೇ ಪದೇ ಟ್ರಿಪ್ ಆಗ್ತಿದೆ, ಸೆಟ್ಟಿಂಗ್ ಸ್ವಲ್ಪ ಜಾಸ್ತಿ ಮಾಡಪ್ಪಾ’ ಅನ್ನುತ್ತಾರೆ. ನಿಮಗೂ ಆಗಿರುತ್ತದೆ, ಅಲ್ವಾ? ಜಗಳ ಬೇಡ. ‘ಮಾಡ್ತೀನಿ ಸರ್, ಒಂದು ಸಾಲು ಬರೆದು ಸಹಿ ಹಾಕಿಕೊಡಿ’ ಅನ್ನಿ. ನನ್ನ ಅನುಭವದಲ್ಲಿ ಸಹಿ ಹಾಕಿದವರು ಇಬ್ಬರೇ. ಉಳಿದವರು ಮಿಲ್ ಕಡೆ ಹೋಗಿ ಬೇರಿಂಗ್ ನೋಡಿದರು.

ನನ್ನ ಎಡಗೈ ಮೇಲೆ ಅಂಗೈಯಗಲದ ಒಂದು ಗುರುತಿದೆ. 26ನೇ ವಯಸ್ಸಿನಲ್ಲಿ, ಚಾಲೂ ಇದ್ದ ಎಂ.ಸಿ.ಸಿ.ಯಲ್ಲಿ ಸ್ಕ್ರೂಡ್ರೈವರ್ ಜಾರಿದ್ದು. ‘ಎರಡೇ ನಿಮಿಷದ ಕೆಲಸ’ ಅಂತ ಪರ್ಮಿಟ್ ತೆಗೆದುಕೊಂಡಿರಲಿಲ್ಲ. ತಪ್ಪು ನನ್ನದೇ. ಆರ್ಕ್‌ನ ಉಷ್ಣತೆ 20,000 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋಗಬಲ್ಲದು ಅನ್ನುವುದು ನನಗೆ ಆಮೇಲೆ ಗೊತ್ತಾಯಿತು. ಆಫ್ ಮಾಡಿ, ಬೀಗ ಹಾಕಿ, ಟೆಸ್ಟರ್ ಸರಿ ಇದೆಯಾ ಅಂತ ಚಾಲೂ ಇರುವ ಕಡೆ ನೋಡಿ, ಆಮೇಲೆ ಇಲ್ಲಿ ಮುಟ್ಟಿಸಿ, ಅರ್ಥ್ ಹಾಕಿ, ಆಮೇಲೆ ಕೈ ಇಡಿ. ವೈರ್‌ಮನ್ ‘ಲೈನ್ ಇಲ್ಲ ಸರ್’ ಅಂದರೆ ಅದು ಅವನ ಅಭಿಪ್ರಾಯ ಅಷ್ಟೇ.

ಎಂ.ಟೆಕ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗೇಟ್‌ನಲ್ಲಿ ಒಳ್ಳೆಯ ರ‍್ಯಾಂಕ್ ಬಂದು ಐ.ಐ.ಎಸ್‌ಸಿ. ಅಥವಾ ಸುರತ್ಕಲ್ ಸಿಕ್ಕರೆ ಕಣ್ಣು ಮುಚ್ಚಿ ಹೋಗಿ. ಗ್ರಿಡ್ ಸ್ಟಡಿ, ಸ್ಟೆಬಿಲಿಟಿ, ಪವರ್ ಎಲೆಕ್ಟ್ರಾನಿಕ್ಸ್ ಕಡೆ ಬಾಗಿಲು ತೆರೆಯುತ್ತದೆ. ಹೆಸರಿಗೊಂದು ಎಂ.ಟೆಕ್ ಅಂತಾದರೆ ಎರಡು ವರ್ಷ ದಂಡ. ಅದರ ಬದಲು ಎನರ್ಜಿ ಮ್ಯಾನೇಜರ್ ಮತ್ತು ಎನರ್ಜಿ ಆಡಿಟರ್‌ಗೆ ಬಿ.ಇ.ಇ. (ಕೇಂದ್ರದ ಇಂಧನ ದಕ್ಷತಾ ಸಂಸ್ಥೆ) ನಡೆಸುವ ರಾಷ್ಟ್ರಮಟ್ಟದ ಪರೀಕ್ಷೆ ಬರೆಯಿರಿ. ಮ್ಯಾನೇಜರ್‌ಗೆ ಮೂರು ಪೇಪರ್, ಆಡಿಟರ್‌ಗೆ ನಾಲ್ಕು. ಬಾಯ್ಲರ್, ಸ್ಟೀಮ್, ಪಂಪ್, ಮೋಟರ್ ಎಲ್ಲ ಬರುತ್ತವೆ. ನಿಮಗೆ ಅವೆಲ್ಲ ದಿನಾ ಕಣ್ಣೆದುರು ಇರುವ ವಸ್ತುಗಳು. ಸಿಮೆಂಟ್, ಸ್ಟೀಲ್‌ನಂಥ ದೊಡ್ಡ ಕಾರ್ಖಾನೆಗಳು ಈ ಪರೀಕ್ಷೆ ಪಾಸಾದವರನ್ನು ಕಾನೂನಿನ ಪ್ರಕಾರ ಇಟ್ಟುಕೊಳ್ಳಲೇಬೇಕು. ರಿಲೇ, ಟ್ರಾನ್ಸ್‌ಫಾರ್ಮರ್ ಟೆಸ್ಟಿಂಗ್ ಬಗ್ಗೆ ಬೆಂಗಳೂರಿನ ಸಿ.ಪಿ.ಆರ್.ಐ.ನಲ್ಲಿ (ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ) ಸಣ್ಣ ತರಬೇತಿಗಳು ನಡೆಯುತ್ತವೆ. ಕಂಪನಿ ದುಡ್ಡಲ್ಲಿ ಕಳಿಸುತ್ತಾರಾ ಕೇಳಿ ನೋಡಿ. ಕೇಳದಿದ್ದರೆ ಯಾರೂ ಕಳಿಸುವುದಿಲ್ಲ.

ಗಲ್ಫ್. ನಮ್ಮ ಮಂಗಳೂರು, ಉಡುಪಿ ಕಡೆಯವರನ್ನು ಕೇಳಿದರೆ ನನಗಿಂತ ಚೆನ್ನಾಗಿ ಹೇಳುತ್ತಾರೆ. ದುಡ್ಡು ಉಳಿಯುತ್ತದೆ, ನಿಜ. ಅಲ್ಲಿನ ಕೆಲಸ ಹೆಚ್ಚಿನಂಶ ಎಣ್ಣೆ, ಗ್ಯಾಸ್‌ನದು. ಸ್ಫೋಟವಾಗಬಲ್ಲ ಜಾಗಕ್ಕೆ ಯಾವ ಮೋಟರ್, ಯಾವ ಕೇಬಲ್ ಗ್ಲ್ಯಾಂಡ್ ಹಾಕಬೇಕು ಅನ್ನುವ ಶಾಸ್ತ್ರವೇ ಬೇರೆ. ಅದನ್ನು ಕಲಿತು ಹೋದರೆ ಬೆಲೆ. ಸೌದಿಯಲ್ಲಿ ಫ್ರೀಕ್ವೆನ್ಸಿ 60 ಹರ್ಟ್ಸ್ ಅನ್ನುವುದನ್ನೂ ನೆನಪಿಡಿ, ಇಂಟರ್‌ವ್ಯೂನಲ್ಲಿ ಅದನ್ನೇ ಹಿಡಿದು ಕೇಳುತ್ತಾರೆ. ಏಜೆಂಟರಿಗೆ ದುಡ್ಡು ಕೊಟ್ಟು ‘ಎಲೆಕ್ಟ್ರಿಕಲ್ ಎಂಜಿನಿಯರ್’ ಅಂತ ಹೋಗಿ ಅಲ್ಲಿ ಕೇಬಲ್ ಎಳೆಸುವ ಫೋರ್‌ಮನ್ ಆದವರನ್ನೂ ಕಂಡಿದ್ದೇನೆ. ರಿಲೇ ಟೆಸ್ಟಿಂಗ್ ಕೈಯಲ್ಲಿದ್ದರೆ ಆ ಗತಿ ಬರುವುದಿಲ್ಲ.

ಸಂಬಳದ ಬಗ್ಗೆ ನೀವು ನೇರವಾಗಿ ಕೇಳಿಲ್ಲ, ಆದರೆ ಸ್ನೇಹಿತರ ಮಾತು ತೆಗೆದಿದ್ದೀರಿ. ಮೊದಲ ಏಳೆಂಟು ವರ್ಷ ಅವರು ನಿಮಗಿಂತ ಜಾಸ್ತಿ ತೆಗೆದುಕೊಳ್ಳುತ್ತಾರೆ. ಇದನ್ನು ಸಿಹಿ ಮಾಡಿ ಹೇಳುವುದಕ್ಕೆ ನನಗೆ ಬರುವುದಿಲ್ಲ. ಮದುವೆ ಮಾತುಕತೆಯಲ್ಲಿ ‘ಹುಡುಗ ಫ್ಯಾಕ್ಟರಿಯಲ್ಲಾ?’ ಅಂತ ಮುಖ ಸಿಂಡರಿಸುವವರೂ ಸಿಗುತ್ತಾರೆ. ನನಗೆ ಮೂವರು ಸಿಕ್ಕಿದ್ದರು. ಮೇಂಟೆನೆನ್ಸ್‌ನಲ್ಲೇ ಉಳಿದರೆ ಸಂಬಳ ನಿಧಾನಕ್ಕೆ ಏರುತ್ತದೆ. ಪ್ರೊಟೆಕ್ಷನ್ ಮತ್ತು ಸ್ಟಡಿ ಕಡೆ ಹೊರಳಿದವರಿಗೆ ಹನ್ನೆರಡು, ಹದಿನೈದು ವರ್ಷದ ಹೊತ್ತಿಗೆ ಲೆಕ್ಕ ಬದಲಾಗುತ್ತದೆ. ಯಾಕೆಂದರೆ ಆಗ ನಿಮ್ಮನ್ನು ಕರೆಯುವುದು ಕಾರ್ಖಾನೆ ನಿಂತಾಗ. ನಿಂತ ಕಾರ್ಖಾನೆಯ ಮಾಲೀಕ ಚೌಕಾಸಿ ಮಾಡುವುದಿಲ್ಲ.

ಹತ್ತು ವರ್ಷದ ನಂತರ ಬೆಲೆ ಇರುತ್ತಾ ಅಂದಿರಿ. ನಮ್ಮ ನಾಡಿಗೆ ದೊಡ್ಡ ಮಟ್ಟದಲ್ಲಿ ಕರೆಂಟ್ ಬಂದದ್ದು ಮನೆಯ ದೀಪಕ್ಕಲ್ಲ, ಕೈಗಾರಿಕೆಗೆ. 1902ರಲ್ಲಿ ಶಿವನಸಮುದ್ರದಿಂದ 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಲೈನ್ ಎಳೆದರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಮೂರು ವರ್ಷದ ಮೇಲೆ, 1905ರಲ್ಲಿ. ಈಗ ಆ ಗಣಿಯೇ ಮುಚ್ಚಿದೆ. ಲೈನುಗಳು ಮಾತ್ರ ಹೆಚ್ಚುತ್ತಲೇ ಇವೆ.

ಆದರೆ ಕೆಲಸದ ರೀತಿ ಬದಲಾಗುತ್ತಿದೆ, ಅದನ್ನು ಗಮನದಲ್ಲಿಡಿ. ಪಾವಗಡದಲ್ಲಿ 2050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇದೆ. ಕಾರ್ಖಾನೆಗಳ ಚಾವಣಿ ಮೇಲೆಲ್ಲ ಪ್ಯಾನಲ್ ಬರುತ್ತಿದೆ. ನಿಮ್ಮ ಟಿ.ಜಿ.ಯಂಥ ತಿರುಗುವ ಯಂತ್ರ, ಫಾಲ್ಟ್ ಆದಾಗ ತನ್ನ ರೇಟಿಂಗ್‌ನ ಐದಾರು ಪಟ್ಟು ಕರೆಂಟನ್ನು ಮೊದಮೊದಲು ಕೊಡುತ್ತದೆ. ರಿಲೇ ಅದನ್ನು ನೋಡಿ ‘ಇದು ಫಾಲ್ಟ್’ ಅಂತ ಗುರುತಿಸುತ್ತದೆ. ಸೋಲಾರ್ ಇನ್ವರ್ಟರ್ ಹಾಗಲ್ಲ. ರೇಟಿಂಗ್‌ಗಿಂತ ಸ್ವಲ್ಪವೇ ಜಾಸ್ತಿ ಕೊಟ್ಟು ಸುಮ್ಮನಾಗುತ್ತದೆ. ಹಳೆಯ ರಿಲೇ ಸೆಟ್ಟಿಂಗ್‌ಗೆ ಅದು ಫಾಲ್ಟಾ, ಲೋಡಾ ಅಂತಲೇ ತಿಳಿಯುವುದಿಲ್ಲ. ನೂರು ವರ್ಷದಿಂದ ನಾವು ನಂಬಿಕೊಂಡು ಬಂದ ಒಂದು ಲೆಕ್ಕವೇ ಅಲ್ಲಾಡುತ್ತಿದೆ. ಬ್ಯಾಟರಿ, ಡೇಟಾ ಸೆಂಟರ್, ಇ.ವಿ. ಚಾರ್ಜರ್ ಎಲ್ಲ ಬಂದಂತೆ ಹಾರ್ಮೋನಿಕ್‌ನ ಕಾಟವೂ ಜಾಸ್ತಿ. ನನ್ನ ವಯಸ್ಸಿನವರಿಗೆ ಇದೆಲ್ಲ ತಲೆನೋವು. ನಿಮ್ಮ ವಯಸ್ಸಿನವರಿಗೆ ಅನ್ನ.

ಕೊನೆಗೆ, ಬರುವ ಆಫ್ ಸೀಸನ್‌ಗೆ ಒಂದು ಕೆಲಸ. ಆಫೀಸಿನಲ್ಲಿ ಗೋಡೆಗೆ ಹಾಕಿರುವ ಸಿಂಗಲ್ ಲೈನ್ ಡಯಾಗ್ರಾಂ ಇರುತ್ತದಲ್ಲ, ಅದನ್ನು ನಂಬಬೇಡಿ. ಅದು ಕಾರ್ಖಾನೆ ಕಟ್ಟಿದ ವರ್ಷದ್ದು. ಆಮೇಲೆ ಸೇರಿಸಿದ ಫೀಡರ್, ಬದಲಿಸಿದ ಕೇಬಲ್ ಯಾವುದೂ ಅದರಲ್ಲಿ ಇರುವುದಿಲ್ಲ. ಒಬ್ಬ ಹಳೆಯ ವೈರ್‌ಮನ್ ಅವರನ್ನು ಜೊತೆಗೆ ಕರೆದುಕೊಳ್ಳಿ. 110 ಕೆ.ವಿ. ಯಾರ್ಡ್‌ನಿಂದ ಹಿಡಿದು ಕೊನೆಯ ಎಂ.ಸಿ.ಸಿ.ವರೆಗೆ ನಡೆದು, ಪ್ರತಿ ನೇಮ್‌ಪ್ಲೇಟ್ ಒರೆಸಿ, ಹೊಸದಾಗಿ ನೀವೇ ಬರೆಯಿರಿ. ಸಿ.ಟಿ. ರೇಷಿಯೋ, ರಿಲೇ ಸೆಟ್ಟಿಂಗ್, ಕೇಬಲ್ ಸೈಜ್ ಎಲ್ಲ. ಎರಡು ತಿಂಗಳು ಹಿಡಿಯುತ್ತದೆ. ವೈರ್‌ಮನ್ ಹೇಳುವ ಕತೆಗಳನ್ನೂ ಪಕ್ಕದಲ್ಲಿ ಬರೆದುಕೊಳ್ಳಿ. ‘ಈ ಕೇಬಲ್‌ಗೆ ಜಾಯಿಂಟ್ ಇದೆ ಸಾಹೇಬ್ರೆ, ಆ ವರ್ಷದ ಮಳೆಗಾಲದಲ್ಲಿ ಹಾಕಿದ್ದು’ ಅನ್ನುವ ಮಾಹಿತಿ ಯಾವ ಡ್ರಾಯಿಂಗ್‌ನಲ್ಲೂ ಸಿಗುವುದಿಲ್ಲ.

ಅದಕ್ಕೂ ಮೊದಲು, ನಾಳೆ ಪಾಳಿಗೆ ಹೋದಾಗ ಎಲ್ಲ ನ್ಯೂಮರಿಕಲ್ ರಿಲೇಗಳ ಗಡಿಯಾರ ನೋಡಿ. ನಿಮ್ಮ ಮೊಬೈಲ್ ಜೊತೆ ತಾಳೆ ಹಾಕಿ ಸರಿ ಮಾಡಿ. ಅರ್ಧ ಗಂಟೆಯ ಕೆಲಸ. ಪಾಸ್‌ವರ್ಡ್ ಯಾರ ಹತ್ತಿರ ಇದೆ ಅಂತ ಹುಡುಕೋಕೆ ಇನ್ನೊಂದು ಗಂಟೆ ಬೇಕಾಗಬಹುದು.